ಕಷಾಯ ಶಿಬಿರದಲ್ಲಿ ಒಂದು ಒಣ ಬಕೆಟ್ಟು

ಕಹಿ ಔಷಧಿಯನ್ನು ಮನೆಯವರು ಕೊಟ್ಟರೆ ಮನುಷ್ಯ ಮುಖ ತಿರುಗಿಸುತ್ತಾನೆ, ಊರಾಚೆ ಯಾರೋ ಕೊಟ್ಟರೆ ಕೈಮುಗಿದು ಕುಡಿಯುತ್ತಾನೆ. ಇದನ್ನು ನಾನು ಯಾವ ಗ್ರಂಥದಲ್ಲೂ ಓದಲಿಲ್ಲ, ನನ್ನನ್ನೇ ನೋಡಿ ಕಲಿತೆ. ನನ್ನ ಹೆಂಡತಿ ಗಿರಿಜೆ ಮೂವತ್ತು ವರ್ಷ ದಿನಾ ಬೆಳಿಗ್ಗೆ ಅಮೃತಬಳ್ಳಿ, ನೆಲಬೇವು ಕುದಿಸಿ ಒಂದು ಲೋಟ ಕಷಾಯ ಕೊಡುತ್ತಿದ್ದಳು. ನಮ್ಮದು ಲಿಂಗಪೂಜೆಯ ಮನೆ. ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ. ಒಂದಗುಳು ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳಬೇಕು. ಹೋಳಿಗೆ, ಪಾಯಸಗಳ ವಿಷಯದಲ್ಲಿ ನಾನು ಈ ನಿಯಮವನ್ನು ಎಂದೂ ಮುರಿದವನಲ್ಲ. ಕಷಾಯವನ್ನು ಮಾತ್ರ, ಮದುವೆಯಾದ ಮೊದಲ ವರ್ಷ ಮರ್ಯಾದೆಗೆ ಕುಡಿದದ್ದು ಬಿಟ್ಟರೆ, ಅವಳು ಬೆನ್ನು ತಿರುಗಿಸಿದೊಡನೆ ದಾಸವಾಳದ ಕುಂಡಕ್ಕೆ ಸುರಿಯುತ್ತಿದ್ದೆ. ನಂಜನಗೂಡಿನ ನಮ್ಮ ಬೀದಿಯಲ್ಲಿ ಅಷ್ಟು ಆರೋಗ್ಯದ ದಾಸವಾಳ ಇನ್ನೊಂದಿರಲಿಲ್ಲ. ಗಿರಿಜೆ ಅದನ್ನು ತನ್ನ ಕೈಗುಣ ಎನ್ನುತ್ತಿದ್ದಳು. ಒಂದು ಲೆಕ್ಕಕ್ಕೆ ಅದು ನಿಜವೇ.

ಹೋದ ವರ್ಷ ಒಂದು ಬೆಳಿಗ್ಗೆ ಅಡುಗೆಮನೆಯಿಂದ "ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದಳು. ಕಷಾಯಕ್ಕೇ ಇರಬೇಕೆಂದು ನಾನು "ಬಂದೆ, ಇರು" ಎಂದು ಪೇಪರಿನ ಇನ್ನೊಂದು ಪುಟ ತಿರುಗಿಸಿದೆ. ಆ ಪುಟದಲ್ಲಿ ಏನಿತ್ತೆಂದು ಇವತ್ತಿಗೂ ಹೇಳಬಲ್ಲೆ. ತಾಂಡವಪುರದ ಹತ್ತಿರ ರಸ್ತೆ ಗುಂಡಿ ಬಿದ್ದಿರುವ ಬಗ್ಗೆ ಓದುಗರೊಬ್ಬರ ಪತ್ರ. ಅದನ್ನು ಓದಿ ಮುಗಿಸಿ ಹೋದಾಗ ಗಿರಿಜೆ ನೆಲದ ಮೇಲಿದ್ದಳು. ಕಟ್ಟೆಯ ಮೇಲಿನ ಲೋಟದಲ್ಲಿ ಇನ್ನೂ ಹಬೆಯಾಡುತ್ತಿತ್ತು. ಡಾಕ್ಟರು ಹೃದಯ ಎಂದರು, ಯಾರೂ ಏನೂ ಮಾಡುವಂತಿರಲಿಲ್ಲ ಎಂದರು. ಅವರಿಗೆ ಪೇಪರಿನ ವಿಷಯ ಗೊತ್ತಿರಲಿಲ್ಲ. ಕಷಾಯಕ್ಕೆ ಕರೆದಳೋ, ಎದೆ ಹಿಡಿದುಕೊಂಡು ಕರೆದಳೋ, ಇದೊಂದು ನನಗೆ ತಿಳಿಯಬೇಕಿತ್ತು. ಕೇಳೋಣವೆಂದರೆ ಉತ್ತರ ಗೊತ್ತಿದ್ದವಳು ಅವಳೊಬ್ಬಳೇ.

ಟಿ. ನರಸೀಪುರದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿರುವ ಗೆಳೆಯ ಮಾದಪ್ಪನಿಗೆ ಮಾತ್ರ ಇದನ್ನು ಹೇಳಿಕೊಂಡಿದ್ದೆ. ಒಂದು ದಿನ ಅವನು ಬಸ್ಸು ಹತ್ತಿಕೊಂಡು ನಮ್ಮ ಮನೆಗೇ ಬಂದ.

"ತಲಕಾಡ್ ದಾರೀಲಿ ಒಂದ್ ತೋಟದ್ಮನೆ ಅದೆ ಕಣ್ಲಾ. ಪ್ಯಾಟೆಯೋರು ಅಲ್ಲಿ ಅದೇನೋ ಕಷಾಯ ಕುಡುಸ್ತಾರಂತೆ. ಕುಡುದ್ರೆ ಸತ್ತೋರೆಲ್ಲಾ ಬಂದು ಮಾತಾಡ್ತಾರಂತೆ. ನಮ್ಮಂಗ್ಡೀಲೇ ಅನ್ನೆರಡು ಬಕೆಟ್ ತಕ್ಕಂಡೋಗವ್ರೆ."

"ಬಕೆಟ್ ಯಾಕೋ?"

"ಸತ್ತೋರು ಬರಕ್ ಮುಂಚೆ ವಾಂತಿ ಬತ್ತದಂತೆ. ನೀನೂ ಓಗ್ಬಾ."

ಹೆಸರು ಬರೆಸಿದ ಮೇಲೆ ಫೋನಿಗೆ ಉದ್ದನೆಯ ಸೂಚನೆ ಬಂತು. ಅಯಾವಾಸ್ಕ ಎಂಬುದು ದಕ್ಷಿಣ ಅಮೆರಿಕದ ಕಾಡಿನ ಜನ ಕುಡಿಯುವ ಬಳ್ಳಿಯ ಕಷಾಯವಂತೆ. ಅದನ್ನು ನಮ್ಮ ದೇಶದ ಕಾನೂನು ಒಪ್ಪುವುದಿಲ್ಲವಾದ್ದರಿಂದ ಇಲ್ಲಿ ಕ್ರಮ ಮಾತ್ರ ಅವರದು, ಬೇರು ಬಳ್ಳಿ ನಮ್ಮದು. ಒಂದು ವಾರ ಉಪ್ಪು, ಖಾರ, ಮೊಸರು, ಕಾಫಿ ಬಿಡಬೇಕು, ಮಾಗಿದ ಬಾಳೆಹಣ್ಣನ್ನೂ ಮುಟ್ಟಬಾರದು. ನಂಜನಗೂಡಿನಲ್ಲಿ ಕೂತು ಬಾಳೆಹಣ್ಣು ಬಿಡುವುದೆಂದರೆ ಅರ್ಧ ಸನ್ಯಾಸ. ಉಪ್ಪು ಖಾರದ್ದೇನೂ ಕಷ್ಟವಾಗಲಿಲ್ಲ. ಗಿರಿಜೆ ಹೋದ ಮೇಲೆ ನನ್ನ ಅಡುಗೆ ಹೇಗೂ ಸಪ್ಪೆಯೇ. "ಏನನ್ನು ನಿರೀಕ್ಷಿಸಬಹುದು" ಎಂಬ ತಲೆಬರಹದ ಕೆಳಗೆ ವಾಂತಿ, ನಡುಕ, ಅಳು, ಬೆಳಕು, ಅಗಲಿದವರ ದರ್ಶನ ಎಂದು ಬರೆದಿತ್ತು. ಕೊನೆಯದನ್ನು ಎರಡು ಸಲ ಓದಿಕೊಂಡೆ.

ಬೆಳಿಗ್ಗೆ ಹತ್ತಕ್ಕೆ ಶುರು. ಹನ್ನೆರಡು ಚಾಪೆ, ಪಕ್ಕದಲ್ಲಿ ಮಾದಪ್ಪನ ಹನ್ನೆರಡು ಬಕೆಟ್ಟು. ನನ್ನದು ನೀಲಿ, ಮೇಲಿನ ಚೀಟಿ ಕೂಡ ಕಿತ್ತಿರಲಿಲ್ಲ. ಶಿಬಿರ ನಡೆಸುವಾಕೆ ಬಿಳಿ ಸೀರೆ ಉಟ್ಟು, ಎಲ್ಲರಿಗೂ ಮಣ್ಣಿನ ಕುಡಿಕೆಯಲ್ಲಿ ಕಷಾಯ ಕೊಟ್ಟರು. ಅಭ್ಯಾಸಬಲದಿಂದ ಎದೆಯ ಮೇಲಿನ ಲಿಂಗಕ್ಕೆ ಮನಸ್ಸಿನಲ್ಲೇ ಅರ್ಪಿಸಿ ಒಂದು ಗುಟುಕು ಕುಡಿದೆ. ನಾಲಿಗೆಗೆ ತಕ್ಷಣ ಗೊತ್ತಾಯಿತು. ಅಮೃತಬಳ್ಳಿ, ನೆಲಬೇವು, ಕೊನೆಗೆ ಚೂರು ಶುಂಠಿ. ನಮ್ಮ ಮನೆಯದೇ! ಅಷ್ಟನ್ನೂ ಕುಡಿದೆ. ಕುಡಿಕೆಗೆ ನೀರು ಹಾಕಿ ತೊಳೆದು ಅದನ್ನೂ ಕುಡಿದೆ.

ಸ್ವಲ್ಪ ಹೊತ್ತಿಗೆ ಸುತ್ತಲೂ ಬಕೆಟ್ಟುಗಳು ಸದ್ದು ಮಾಡತೊಡಗಿದವು. ಪಕ್ಕದ ಚಾಪೆಯ ಬ್ಯಾಂಕ್ ಮ್ಯಾನೇಜರು "ಅಪ್ಪಾ, ತಪ್ಪಾಯ್ತು" ಎಂದು ಬಿಕ್ಕುತ್ತಿದ್ದರು. ಅವರ ಅಪ್ಪ ಬಂದಿರಬೇಕು. ನನಗೂ ಹೊಟ್ಟೆ ತೊಳಸಿತು. ಆದರೆ ಅರ್ಪಿಸಿಬಿಟ್ಟಿದ್ದೇನಲ್ಲ, ಅದೀಗ ಪ್ರಸಾದ. ಪ್ರಸಾದವನ್ನು ಯಾರಾದರೂ ಬಕೆಟ್ಟಿಗೆ ಕಕ್ಕುತ್ತಾರೆಯೆ? ಹಲ್ಲು ಕಚ್ಚಿಕೊಂಡು ಕೂತೆ.

ಆಕೆ ಬಂದು "ತಡೀಬೇಡಿ ಸರ್, ಬಿಟ್ಬಿಡಿ" ಎಂದರು.

"ಆಗಲ್ಲಮ್ಮ, ಪ್ರಸಾದ."

"ಒಳಗಿರೋದು ಹೊರಗೆ ಬರದೆ ಯಾರೂ ಕಾಣಿಸಲ್ಲ ಸರ್."

ನಂಜನ್ನು ಕಂಠದಲ್ಲೇ ತಡೆದ ದೇವರ ಊರಿನವನು ನಾನು. ಆದರೆ ಆ ದೇವರಿಗೆ ಕಂಠ ಹಿಡಿಯಲು ಪಕ್ಕದಲ್ಲಿ ಹೆಂಡತಿ ಇದ್ದಳು. ಕಣ್ಣು ಮುಚ್ಚಿ, "ಗಿರಿಜಾ, ಸ್ವಲ್ಪ ಬಾ ಇಲ್ಲಿ" ಎಂದೆ. ಕಾದೆ. ಗಂಟಲಿಗೆ ಕಹಿ ಬಂದು ಬಂದು ಹೋಯಿತು, ಅವಳು ಬರಲಿಲ್ಲ. ಬಂದದ್ದು ಅಳು. ಮಣ್ಣು ಮಾಡಿದ ದಿನ ನೆಂಟರೆಲ್ಲ ಕಾದರೂ ಬರದಿದ್ದ ಅಳು, ಆ ಅಪರಿಚಿತರ ಮಧ್ಯೆ ಮಧ್ಯಾಹ್ನದವರೆಗೂ ಬಂತು.

ಹೊರಡುವಾಗ ಆಕೆ, ಬಳಸಲಿಲ್ಲವಲ್ಲ ಎಂದು ನನ್ನ ಬಕೆಟ್ಟನ್ನು ನನಗೇ ಕೊಟ್ಟರು. ಅದನ್ನು ಹಿಡಿದುಕೊಂಡು ಮಾದಪ್ಪನ ಅಂಗಡಿ ಹತ್ತಿರ ಇಳಿದೆ.

"ಅತ್ಗೆ ಬಂದ್ರೇನ್ಲಾ?"

"ಇಲ್ಲ ಕಣೋ."

"ಸರ್ಯಾಗ್ ಕರದ್ಯಾ?"

"ಕರೆದೆ. ಬಂದೆ, ಇರಿ ಅಂದ್ಲು."

ತಮಾಷೆಗೆಂದೇ ಹೇಳಿದ್ದು. ಮಾದಪ್ಪ ನಗಲಿಲ್ಲ. ಬಕೆಟ್ಟನ್ನು ಇಸಿದುಕೊಂಡು ಉಳಿದವುಗಳ ಜೊತೆ ತೂಗುಹಾಕಿದ, ಆಮೇಲೆ ಟೀ ತರಿಸಿದ.

ಈಗ ದಿನಾ ಬೆಳಿಗ್ಗೆ ನಾನೇ ಕಷಾಯ ಕಾಯಿಸಿ, ಲೋಟ ತೊಳೆದ ನೀರಿನ ಸಮೇತ ಕುಡಿಯುತ್ತೇನೆ. ಬರೀ ನೀರು ಒಗ್ಗದೆ ದಾಸವಾಳ ಬಾಡುತ್ತಿದೆ. ಪೇಪರನ್ನು ಅಡುಗೆಮನೆಯಲ್ಲೇ ಕೂತು ಓದುತ್ತೇನೆ.