ಗೌಡರ ಗೋಣು

ಬಂದೂಕು ರಿಪೇರಿ ಅಂಗಡಿಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಇರುತ್ತದೆ. ಆದರೆ ಅಲ್ಲಿ ನಗು ಬರುವುದು ಯಾರಿಗಾದರೂ ಪೆಟ್ಟು ಬಿದ್ದ ಮೇಲೆಯೇ.

ಎಪ್ಪತ್ತರ ದಶಕದಲ್ಲಿ ಬೆಟಗೇರಿಯ ನಮ್ಮ ಮನೆಯ ಮಗ್ಗದ ಸದ್ದಿಗೆ ಬೇಸತ್ತು ನಾನು ಕೆಲಸ ಕಲಿಯಲು ಉಸ್ತಾದರ ಅಂಗಡಿಯ ಲೇತ್ ಮಷಿನ್ ಮುಂದೆ ಹೋಗಿ ನಿಂತೆ. ಉಸ್ತಾದರದು ಅಜ್ಜನ ಕಾಲದಿಂದ ಬಂದೂಕಿನ ಕೆಲಸ ಮಾಡಿಕೊಂಡು ಬಂದ ಮನೆತನ. ಆ ಮನೆತನಕ್ಕೊಂದು ರೂಢಿ ಇತ್ತು. ಬಂದೂಕಿನ ಒಡೆಯ ತಾನೇ ಒಂದು ಗುಂಡು ಹೊಡೆದು, ಗೋಣು ಹಾಕಿ 'ಹೂಂ' ಅನ್ನುವ ತನಕ ಕೆಲಸ ಮುಗಿದಂತಲ್ಲ. ಕೆಲಸ ಮುಗಿಯುವ ತನಕ ಆ ಒಡೆಯನ ಮನೆಯಲ್ಲಿ ಹನಿ ನೀರೂ ಮುಟ್ಟುವಂತಿಲ್ಲ. ಬೇರೆ ಗಿರಾಕಿಗಳಲ್ಲಿ ಇದು ಅರ್ಧ ತಾಸಿನ ನೇಮ. ಶಿಗ್ಲಿ ಕಡೆಯ ಗೌಡರೊಬ್ಬರಲ್ಲಿ ವರ್ಷಗಟ್ಟಲೆ ನಡೆಯಿತು.

ಗುಂಡು ನಡೆಯಬೇಕು

ಈ ಗೌಡರು ಯಾವುದಕ್ಕೂ ಹೂಂ ಅಂದವರಲ್ಲ. ಊಟ ಹೆಂಗಿತ್ತು ಎಂದರೆ ಕೈ ತೊಳೆಯುತ್ತಿದ್ದರು. ಮಳೆ ಚಲೋ ಆಯಿತಲ್ಲ ಎಂದರೆ ಆಕಾಶ ನೋಡುತ್ತಿದ್ದರು. ಅಂಥವರು ಒಂದು ದಿನ ತಮ್ಮ ತಂದೆಯ ಕಾಲದ ವಿಲಾಯತಿ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಅದಕ್ಕೆ ಬೇಕಾದ ತೋಟಾ, ಮದ್ದು ತುಂಬಿದ ಗುಂಡು, ಪೇಟೆಗೆ ಬರುವುದು ನಿಂತು ಎಷ್ಟೋ ಕಾಲವಾಗಿತ್ತು.

ಚಿಗರಿ, ಅಂದರೆ ಜಿಂಕೆ, ಹೊಡೆಯುವುದು ಅಷ್ಟರಲ್ಲಿ ಕಾಯ್ದೆಯಿಂದ ಬಂದ್ ಆಗಿತ್ತು. ಗೌಡರ ಸಿಟ್ಟು ಇದ್ದದ್ದು ಕಪ್ಪತಗುಡ್ಡದ ಕಡೆಯಿಂದ ಇಳಿದು ಶೇಂಗಾ ಹೊಲ ಅಗೆಯುವ ಹಂದಿಗಳ ಮೇಲೆ. ಅವಕ್ಕೆ ಅವರ ಹತ್ತಿರ ಪರವಾನಗಿ ಇತ್ತು. ಹೊಲದ ಈ ಬದುವಿನಲ್ಲಿ ಕೂತು ಹೊಡೆದರೆ ಗುಡ್ಡದ ಬುಡಕ್ಕೆ ಮುಟ್ಟಬೇಕು, ಅಂಥ ತೋಟಾ ಮಾಡಿಕೊಡು ಎಂದರು. ಅಷ್ಟು ದೂರ ಯಾಕೆ, ಸ್ವಲ್ಪ ಹತ್ತಿರ ಹೋಗಿ ಹೊಡೆಯಬಾರದೇ ಎಂದು ಉಸ್ತಾದರು ಕೇಳಿದರು.

"ನನ್ನ ಮೊಣಕಾಲ ಹೋಗ್ಯಾವು," ಎಂದರು ಗೌಡರು. "ಇನ್ನ ನಾ ನಡಿಯೂದಿಲ್ಲ. ಗುಂಡು ನಡೀಬೇಕು."

ಎಡಗಣ್ಣು

ಯಾವ ಕಾರ್ಖಾನೆಯೂ ಮಾಡದ ತೋಟಾವನ್ನು ತಾನೇ ಯೋಚಿಸಿ ಮಾಡುವುದೆಂದರೆ ಉಸ್ತಾದರಿಗೆ ಹಬ್ಬ. ದೊಡ್ಡ ಹಿತ್ತಾಳೆ ಕೊಳವೆಯನ್ನು ಹಿಡಿದು ಅದರ ಕುತ್ತಿಗೆಯನ್ನು ಸಣ್ಣದು ಮಾಡಬೇಕು, ಹೊಟ್ಟೆ ದೊಡ್ಡದು, ಬಾಯಿ ಕಿರಿದು, ನೀರಿನ ತಂಬಿಗೆಯ ಹಾಗೆ. ಆಮೇಲೆ ಬಂದೂಕಿನಲ್ಲಿ ತೋಟಾ ಕೂಡುವ ಜಾಗವನ್ನು, ನಾವು 'ಕೋಣಿ' ಅನ್ನುತ್ತಿದ್ದೆವು, ಅದೇ ಆಕಾರಕ್ಕೆ ಕೊರೆಯಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದು ಬಂದೂಕಲ್ಲ, ಹೊಡೆಯುವವನ ಮುಖಕ್ಕೆ ಹಿಡಿದ ಒಲೆ. ಉಸ್ತಾದರು ಕೋಣಿಯೊಳಗೆ ಅರಗು ಕರಗಿಸಿ ಹೊಯ್ದು ಅಚ್ಚು ತೆಗೆಯುವರು, ಬೆಳಕಿಗೆ ಹಿಡಿದು ನೋಡುವರು, ಬೈಯುವರು, ಮತ್ತೆ ಕೊರೆಯುವರು. ಮನೆಯವರ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಅವರು ಆ ಅರಗಿನ ತುಂಡಿನ ಜೊತೆ ಆಡಿದ್ದಾರೆ.

ಪರೀಕ್ಷೆಗೆ ಮುಂಡರಗಿ ರಸ್ತೆಯ ಹಾಳು ಕಲ್ಲುಗಣಿಗೆ ಹೋದೆವು. ಬಂದೂಕನ್ನು ಹಳೇ ಚಕ್ಕಡಿ ಗಾಲಿಗೆ ಬಿಗಿದು, ಅದರ ಕುದುರೆಗೆ, ಅಂದರೆ ಟ್ರಿಗರ್‌ಗೆ, ಹಗ್ಗ ಕಟ್ಟಿ, ಬಂಡೆಯ ಹಿಂದೆ ಕೂತು ಜಗ್ಗುವುದು ಪದ್ಧತಿ. ಹಗ್ಗ ಜಗ್ಗಿದ್ದು ನಾನು. ಜಗ್ಗುವ ಹೊತ್ತಿಗೆ ಸರಿಯಾಗಿ ಉಸ್ತಾದರು ಬಂಡೆಯಾಚೆ ಇಣುಕಿದರು. ಕೊಳವೆಯ ಬುಡ ಸೀಳಿ ಹೊಗೆಯೂ ಹಿತ್ತಾಳೆ ಚೂರೂ ಹಿಂದಕ್ಕೆ ಹಾರಿ ಬಂದವು. ಅವರನ್ನು ಗದಗಿನ ದವಾಖಾನೆಗೆ ಒಯ್ದೆ. ಎಡಗಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಹುಡುಗರ ಹಾಗೆ ಅಳುತ್ತಾ ನಿಂತೆ.

"ಯಾಕ ಅಳ್ತೀಯಲೇ," ಎಂದರು ಉಸ್ತಾದರು ಪಟ್ಟಿಯೊಳಗಿಂದ. "ಗುರಿ ಇಡೂದು ಬಲಗಣ್ಣಿನಾಗ. ಇನ್ನ ಮ್ಯಾಲೆ ಎಡಗಣ್ಣ ಮುಚ್ಚೂ ತ್ರಾಸ ತಪ್ಪಿತು."

ಮೊದಲ ಬೇಟೆ

ಕಣ್ಣು ಹೋದ ಮೇಲೆ ಅವರು ಆ ಕೆಲಸ ಬಿಡುತ್ತಾರೆ ಅಂದುಕೊಂಡಿದ್ದೆ. ಹಟ ಹೆಚ್ಚಾಯಿತು. ತಪ್ಪು ಕಂಡುಹಿಡಿದು, ಕೋಣಿಯನ್ನು ತಿದ್ದಿ, ಗಣಿಯಲ್ಲಿ ಮತ್ತೆ ಹೊಡೆದು ನೋಡಿದರು. ಈ ಸಲ ಬಂದೂಕು ಮುದ್ದಾಗಿ ಮಾತು ಕೇಳಿತು. ಗೌಡರು ಬಂದು ಒಂದು ಗುಂಡು ಹೊಡೆದು ಗೋಣು ಹಾಕುವುದಷ್ಟೇ ಬಾಕಿ. ಅಷ್ಟರಲ್ಲಿ ಚುನಾವಣೆ ಬಂತು.

ಚುನಾವಣೆ ಬಂದರೆ ಊರವರ ಬಂದೂಕುಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂಡಬೇಕು. ಆ ಕಾಲದಲ್ಲಿ ಚುನಾವಣೆಗಳೂ ಒಂದರ ಹಿಂದೊಂದು ಬಂದವು. ಎಲ್ಲ ಮುಗಿದ ಮೇಲೆ ಗೌಡರ ಜೊತೆ ಬಂದೂಕು ಬಿಡಿಸಿಕೊಳ್ಳಲು ನಾವೂ ಹೋದೆವು. ಅದರ ಮೂತಿಯ ಮೇಲಿನ ಗುರಿಮುಳ್ಳು ಸೊಟ್ಟಗಾಗಿತ್ತು, ನಳಿಗೆಗೆ ಎಲೆಯ ಹಸಿರು ಮೆತ್ತಿತ್ತು. ಏನಾಯಿತೆಂದು ಕೇಳಿದರೆ ಹವಾಲ್ದಾರರು ಅಂಗಳದ ಹುಣಸೆಮರ ತೋರಿಸಿದರು. ಕಾಯಿ ಬಡಿಯಲು ಉದ್ದ ಕೋಲು ಸಿಗಲಿಲ್ಲವಂತೆ, ಗುಂಡಿಲ್ಲದ ಬಂದೂಕು ಹೆಂಗೂ ಕೋಲೇ ಅಲ್ಲವೇ ಎಂದರು.

ನನಗೆ ಮೈಯೆಲ್ಲ ಉರಿಯಿತು. ಉಸ್ತಾದರು ಮಾತ್ರ ಕಾಯಿ ಬಿದ್ದವೋ ಇಲ್ಲವೋ ಎಂದು ಶಾಂತವಾಗಿ ಕೇಳಿದರು. ರಾಶಿ ಬಿದ್ದವು ಎಂದರು ಹವಾಲ್ದಾರರು.

"ಹಂಗಾರ ಇದರ ಮೊದಲ ಬೇಟಿ ನಿಮ್ಮದಾತ್ರಿ, ಸಾಹೇಬ್ರ," ಎಂದು ಉಸ್ತಾದರು ಕೈ ಮುಗಿದರು.

ಬಂದೂಕಿಗೆ ಹೋಳಿಗೆ

ಗುರಿಮುಳ್ಳು ನೆಟ್ಟಗೆ ಮಾಡಿ ಕೊಡುವ ಹೊತ್ತಿಗೆ ಮಹಾನವಮಿ ಬಂದಿತ್ತು. ಖಂಡೇಪೂಜೆ, ಅಂದರೆ ಆಯುಧಪೂಜೆ, ಆಗದೆ ಹೊಡೆಯುವುದಿಲ್ಲ ಎಂದರು ಗೌಡರು. ಪೂಜೆಯ ಮರುದಿನ ನಾವು ಅವರ ಊರಿಗೆ ಹೋದೆವು. ಗೌಡಶಾನಿ, ಅಂದರೆ ಗೌಡರ ಹೆಂಡತಿ, ಬಾಗಿಲಿಗೇ ಬಂದು ನೀರು ಕೊಡಲು ನೋಡಿದರು. ಉಸ್ತಾದರು ಎಂದಿನಂತೆ, ಒಡೆಯರು ಇನ್ನೂ ಹೂಂ ಅಂದಿಲ್ಲ ಎಂದು ಚೊಂಬನ್ನು ಹಿಂದಕ್ಕೆ ಸರಿಸಿದರು.

ಬಂದೂಕಿಗೆ ವಿಭೂತಿ, ಕುಂಕುಮ, ಚೆಂಡುಹೂವು ಎಲ್ಲ ಆಗಿತ್ತು. ಉಸ್ತಾದರು ತೋಟಾ ಹಾಕಲೆಂದು ಕೋಣಿ ತೆರೆದರು. ಒಳಗಿನಿಂದ ಇರುವೆಗಳು ಸಾಲುಗಟ್ಟಿ ಹೊರಗೆ ಬಂದವು. ಅವುಗಳ ಹಿಂದೆ ತುಪ್ಪ, ತುಪ್ಪದ ಹಿಂದೆ ಹೂರಣ. ಗೌಡಶಾನಿ ಅದನ್ನೇ ಬಂದೂಕಿನ ಬಾಯಿ ಎಂದು ತಿಳಿದು ಹೋಳಿಗೆ ನೈವೇದ್ಯ ತುರುಕಿದ್ದರು. ಕೂದಲೆಳೆಯ ಲೆಕ್ಕದಲ್ಲಿ ಕೊರೆದ ಕೋಣಿಯೊಳಗೆ ಹೂರಣ ಅಚ್ಚುಕಟ್ಟಾಗಿ ಕೂತಿತ್ತು. ಅರಗಿನ ಅಚ್ಚು ಕೂಡ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಉಸ್ತಾದರು ಬಂದೂಕನ್ನು ಗೌಡಶಾನಿಯ ಮುಂದೆ ಹಿಡಿದರು. "ಅವ್ವಾರ, ಈ ಕೋಣಿ ಕೊರಿಯಾಕ ಹೋಗಿ ನನ್ನ ಕಣ್ಣ ಹೋಗೇತ್ರಿ."

"ಅದಕ್ಕ ಉಣಿಸೀನ್ರಿ," ಎಂದರು ಗೌಡಶಾನಿ. "ಹಸದ ಬಂದೂಕು ಐತಿ. ಮತ್ತ ಯಾರದರೆ ಕಣ್ಣ ತಿಂದೀತು."

ಗೋಣು

ಬಂದೂಕನ್ನು ಬೆಟಗೇರಿಗೆ ತಂದು, ಪೂರ್ತಿ ಬಿಚ್ಚಿ, ತೊಳೆದು, ತಿಕ್ಕಿ, ಹೊಸದಾಗಿ ತೋಟಾ ಮಾಡಿ ಒಯ್ದೆವು. ಅಷ್ಟರಲ್ಲಿ ಗೌಡರಿಗೆ ಕಣ್ಣಿನ ಪೊರೆ ಬೆಳೆದಿತ್ತು. ಗುಂಡು ಗುಡ್ಡ ಮುಟ್ಟುತ್ತಿತ್ತು, ಗೌಡರ ನೋಟ ತಲಬಾಗಿಲು ಮುಟ್ಟುತ್ತಿರಲಿಲ್ಲ. ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಹೊಡೆಯುತ್ತೇನೆ ಎಂದರು. ಆಮೇಲೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಉಸ್ತಾದರು ಆಗಾಗ ಹೋಗಿ ಮಂಚದ ಪಕ್ಕ ಕೂತು ಬರುವರು. ಗೌಡರು ಮನೆಯ ಮಾಡು ನೋಡುತ್ತಿದ್ದರಂತೆ, ಉಸ್ತಾದರು ಗೌಡರನ್ನು ನೋಡುತ್ತಿದ್ದರಂತೆ. ಒಂದು ಕಣ್ಣು ಕೊಟ್ಟು ಮಾಡಿದ ಕೆಲಸಕ್ಕೆ ಒಂದು ಹೂಂ ಕೇಳುವುದು ಹೆಚ್ಚೇನಲ್ಲ ಎಂದು ನನಗೆ ಗೌಡರ ಮೇಲೆ ಕೆಟ್ಟ ಸಿಟ್ಟಿತ್ತು. ಆ ಸಿಟ್ಟು ಇರುವಾಗಲೇ ಗೌಡರು ತೀರಿಕೊಂಡ ಸುದ್ದಿ ಬಂತು.

ದೊಡ್ಡ ಮನೆತನದವರು ಸತ್ತರೆ ಆ ಸೀಮೆಯಲ್ಲಿ ಮೆರವಣಿಗೆಯ ಮುಂದೆ ಬಂದೂಕು ಹಾರಿಸುವುದುಂಟು. ಇದೇ ಬಂದೂಕು ಹಾರಬೇಕು, ಅದನ್ನು ಉಸ್ತಾದರೇ ಹಾರಿಸಬೇಕು ಎಂದು ಗೌಡಶಾನಿ ಹೇಳಿ ಕಳಿಸಿದ್ದರು. ಪರವಾನಗಿ ಇದ್ದ ಒಡೆಯ ಹೋದ ಮೇಲೆ ಬಂದೂಕು ಹೆಂಗೂ ಠಾಣೆಗೆ ಹೋಗುವುದೇ. ನಾವು ಹೋದಾಗ ಗೌಡರನ್ನು ಹೂವಿನ ವಿಮಾನದಲ್ಲಿ, ಅಂದರೆ ಹೆಣ ಹೊರುವ ಚಟ್ಟದಲ್ಲಿ, ಕೂಡಿಸಿ, ತಲೆ ನೆಟ್ಟಗೆ ನಿಲ್ಲಲೆಂದು ಹಣೆಗೆ ಬಟ್ಟೆ ಕಟ್ಟಿ, ಮನೆಯ ಮುಂದೆ ಹೊತ್ತು ನಿಂತಿದ್ದರು. ಭಜನೆಯವರು ಸುಮ್ಮನಾದರು. ಉಸ್ತಾದರು ವಿಮಾನವನ್ನು ಎಡಕ್ಕೆ ಬಿಟ್ಟು ನಿಂತು, ಖಾಲಿ ಹೊಲದ ಮಣ್ಣಿನ ಒಡ್ಡಿಗೆ ಗುರಿ ಇಟ್ಟು ಹೊಡೆದರು.

ಅಂಥ ಸದ್ದು ಆ ಊರು ಕೇಳಿರಲಿಲ್ಲ. ಹೊತ್ತವರು ಬೆಚ್ಚಿ ಮುಗ್ಗರಿಸಿದರು, ವಿಮಾನ ವಾಲಿತು, ಹಣೆಯ ಬಟ್ಟೆ ಸಡಿಲಾಗಿ ಗೌಡರ ತಲೆ ಎದೆಯ ತನಕ ಬಾಗಿತು. ಹೊತ್ತವರು ಸಾವರಿಸಿಕೊಂಡು ವಿಮಾನ ಎತ್ತಿದಾಗ ತಲೆ ಮತ್ತೆ ಮೇಲಕ್ಕೆ ಬಂತು. ಊರಿಗೆ ಊರೇ ಬಾಯಿ ತೆರೆದು ನಿಂತಿತು.

"ಉಸ್ತಾದ್ರ, ಗೋಣ ಹಾಕಿದ್ರು," ಎಂದರು ಗೌಡಶಾನಿ. "ನೋಡಿದ್ರಿಲ್ಲೋ?"

ಉಸ್ತಾದರು ಬಂದೂಕು ಇಳಿಸಿ ನನ್ನ ಕಡೆ ತಿರುಗಿದರು. ಅವರ ಮುಖ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೌಡರು ಇದ್ದದ್ದು ಅವರ ಎಡಗಡೆ. ಆ ಕಡೆ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಉಸ್ತಾದರು ಜೇಬು ಮುಟ್ಟಿ ನೋಡಿಕೊಂಡು, ಗೌಡಶಾನಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು. "ಇನ್ನೊಂದು ತೋಟಾ ಐತ್ರಿ, ಅವ್ವಾರ. ಈ ಕಡೆ ತಿರುಗಿ ನಿಂತು ಮತ್ತೊಮ್ಮಿ ಹೊಡೀಲೇನ್ರಿ?"

ಅದು ಕಿವಿಗೆ ಬಿದ್ದದ್ದೇ ತಡ, ಹೊತ್ತವರು ವಿಮಾನ ಸಮೇತ ರುದ್ರಭೂಮಿಯ ಕಡೆ ಓಟ ಕಿತ್ತರು. ಭಜನೆಯವರು ತಾಳ ಬಿಟ್ಟು ಅವರ ಹಿಂದೆ ಓಡಿದರು.

ಗೌಡಶಾನಿ ಓಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗಿನಿಂದ ಚೊಂಬು ತರಿಸಿ ಉಸ್ತಾದರ ಕೈಗಿಟ್ಟರು.

"ಬ್ಯಾಡ್ರಿ, ಉಸ್ತಾದ್ರ. ಜೀವ ಇರೂತನಕ ನನಗ ಒಂದ ಸಲಾನೂ ಗೋಣ ಹಾಕಿದವರಲ್ಲ. ನಿಮಗ ಸತ್ತ ಮ್ಯಾಲರೆ ಹಾಕ್ಯಾರ. ನೀರ ಕುಡೀರಿ."