ಬಿಯರ್ ಕುಡಿದು ಸತ್ತ ಕಾಗದದ ಫಿಲ್ಟರಿನ ವಿಚಾರ

ವಿಲ್ಯಕೋಟಾ ವಾಹನ ತಪಾಸಣಾ ಠಾಣೆಯ ಮುಖ್ಯಸ್ಥರೂ ನನ್ನ ಅತ್ತೆಯ ಮಿನಿಬಸ್ಸಿನ ಧರ್ಮಪಿತರೂ ಆದ ಮಾನ್ಯ ಡಾನ್ ರೆಂಬೆರ್ತೊ ಅವರೇ,

ಕುಡಿದು ಕುಣಿದ ಕಾರ್ನಿವಲ್ ಹಬ್ಬದ ತಲೆನೋವು ಊರಿಗೆಲ್ಲ ಇಳಿದಿರುವ ಈ ಗುರುವಾರ ತಮಗೂ, ತಮ್ಮ ಮೊಹರಿಗೂ, ಆ ಮೊಹರಿನ ಎಂದೂ ಒಣಗದ ಶಾಯಿಗೂ ನನ್ನ ವಿನಮ್ರ ವಂದನೆಗಳು. ಈ ಪತ್ರವನ್ನು ತಮ್ಮ ಮೇಜಿನ ಮೇಲಿಡದೆ ಚಾಲಕರ ಸಂಘದ ಗೋಡೆಗೆ ಅಂಟಿಸುತ್ತಿರುವುದು ತಮ್ಮ ಕೀರ್ತಿ ಕಡತಗಳ ಅಡಿಯಲ್ಲಿ ಉಸಿರುಗಟ್ಟಬಾರದೆಂಬ ಕಾಳಜಿಯಿಂದ ಮಾತ್ರ.

ನನ್ನ ಅತ್ತೆ ಸಬೀನಾ ಇಲ್ಲಿಂದ ತೋಲಾಪಂಪಾಕ್ಕೆ ಮಿನಿಬಸ್ ಓಡಿಸುವವಳು. ಉಪ್ಪಿನ ಬಯಲು ದಾಟುವ ಆ ದಾರಿಯಲ್ಲಿ ರಸ್ತೆಗಿಂತ ಧೂಳು ಹೆಚ್ಚು, ಧೂಳಿಗಿಂತ ಉಪ್ಪು ಹೆಚ್ಚು. ಅಂಥ ಗಾಳಿಯನ್ನು ಸೋಸಿ ಇಂಜಿನ್ನಿಗೆ ಕೊಡಲು ಅವಳು ವರ್ಷಗಳಿಂದ ಹತ್ತಿಬಟ್ಟೆಯ ಒಂದೇ ಫಿಲ್ಟರ್ ಇಟ್ಟುಕೊಂಡಿದ್ದಾಳೆ. ಕೊಳೆಯಾದಾಗ ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಮತ್ತೆ ಕೂರಿಸುತ್ತಾಳೆ. ಕಳೆದ ತಪಾಸಣೆಯ ದಿನ ತಾವು ಅದನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ, "ಏನಮ್ಮಾ ಇದು, ಇಂಜಿನ್ನೋ, ಅಡುಗೆಮನೆಯೋ? ಕಂಪನಿಯವರು ಕಾಗದದ್ದು ಅಂದಿದಾರೆ. ಹಾಕು, ತುಂಬಿದ ಮೇಲೆ ಬಿಸಾಕು, ಹೊಸದು ಹಾಕು!" ಎಂದು ಜ್ಞಾನದಾನ ಮಾಡಿದಿರಿ. ಅತ್ತೆ ತನ್ನ ಅಜ್ಞಾನದಲ್ಲಿ, "ಸ್ವಾಮಿ, ನಾವು ಬಟ್ಟೆ ಒಗೆದು ಉಡೋ ಜನ. ನೀವು ಅಂಗಿಯನ್ನೂ ಒಂದ್ಸಲ ಹಾಕಿ ಬಿಸಾಕ್ತೀರಾ?" ಎಂದು ಕೇಳಿಬಿಟ್ಟಳು. ಸಾಲಿನಲ್ಲಿ ನಿಂತಿದ್ದ ಚಾಲಕರು ನಕ್ಕರು. ಆ ನಗುವಿನಿಂದ ಸರ್ಕಾರಕ್ಕೆ ಆದ ಗಾಯ ಇನ್ನೂ ಮಾಗಿಲ್ಲವೆಂದು ನನಗೆ ಗೊತ್ತು.

ಎಣ್ಣೆ ಹೆಚ್ಚಾದರೆ ಹತ್ತಿಯ ಫಿಲ್ಟರ್ ಇಂಜಿನ್ನಿಗೆ ಕೆಡುಕು ಎಂದಿರಿ, ನಿಜ, ಒಪ್ಪುತ್ತೇನೆ. ಅದಕ್ಕೇ ಎಣ್ಣೆ ಹಚ್ಚುವ ಕೈಗೆ ಬುದ್ಧಿ ಬೇಕು. ಕಾಗದದ್ದಕ್ಕೆ ಬುದ್ಧಿ ಬೇಡ, ಅಂಗಡಿ ಇದ್ದರೆ ಸಾಕು. ಮನುಷ್ಯನ ಕೈಯಿಂದ ಬುದ್ಧಿಯನ್ನು ಕಿತ್ತು ಅಲ್ಲಿ ಖಾಲಿ ಪೆಟ್ಟಿಗೆಯನ್ನು ಇಡುವುದೇ ಈ ಕಾಲದ ದೊಡ್ಡ ಕಳ್ಳತನವೆಂದು ನಾನು ಓದಿದ ಕರಪತ್ರಗಳು ಹೇಳುತ್ತವೆ. ಆದರೆ ಅವುಗಳನ್ನು ಬರೆದವರಿಗೆ ತಮ್ಮ ಪರಿಚಯವಿರಲಿಲ್ಲ, ಪಾಪ. ಇದ್ದಿದ್ದರೆ ಉದಾಹರಣೆಗೆ ಅಷ್ಟು ದೂರ ಹುಡುಕುತ್ತಿರಲಿಲ್ಲ.

ಅಂತೂ ಕಾಗದದ ಫಿಲ್ಟರ್ ಬಂತು, ಬೆಳ್ಳಗೆ, ಮದುಮಗಳ ಲಂಗದಂತೆ ನೆರಿಗೆ ನೆರಿಗೆಯಾಗಿ. ಹಿಂದೆಯೇ ಕಾರ್ನಿವಲ್ ಮಂಗಳವಾರವೂ ಬಂತು. ಅಂದು ನೆಲತಾಯಿ ಪಚಮಾಮಾಗೆ ಕುಡಿಸದೆ ಯಾವ ವಾಹನವೂ ಈ ಊರಲ್ಲಿ ವರ್ಷ ದಾಟುವುದಿಲ್ಲ. ಮೊದಲ ಗುಟುಕು ನೆಲಕ್ಕೆ, ಆಮೇಲೆ ಚಕ್ರಗಳಿಗೆ, ಕೊನೆಗೆ ಬಸ್ಸು ಉಸಿರಾಡುವ ಮೂಗಿಗೆ. ಸುರಿಯುವ ಹಕ್ಕು, ಬಸ್ಸು ಕೊಂಡ ದಿನ ಅದನ್ನು ಮಗಳೆಂದು ಹರಸಿದ ಧರ್ಮಪಿತನದು, ಅಂದರೆ ತಮ್ಮದು. ಬಾನೆಟ್ ತೆರೆದು, ಫಿಲ್ಟರಿನ ಡಬ್ಬಿಯ ಮುಚ್ಚಳ ಸರಿಸಿ, ತಾವು "ಕುಡಿ ಮಗಳೇ, ಹೊಟ್ಟೆ ತುಂಬ ಕುಡಿ!" ಎಂದು ಬಿಯರ್ ಬಾಟಲಿಯನ್ನು ಬಗ್ಗಿಸಿದ ಆ ಔದಾರ್ಯವನ್ನು ಊರೇ ಕಂಡಿದೆ. ಹಿಂದಿನ ವರ್ಷಗಳಲ್ಲೂ ತಾವು ಹೀಗೇ ಕುಡಿಸಿದ್ದಿರಿ. ಮರುದಿನ ಅತ್ತೆ ಹತ್ತಿಯದನ್ನು ತೊಳೆದು ಒಣಹಾಕುತ್ತಿದ್ದಳು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕಾಗದವನ್ನು ಮಾತ್ರ ತೊಳೆಯುವಂತಿಲ್ಲ. ಹಾಗೆಂದು ತಾವೇ ಹೇಳಿದ್ದಿರಿ.

ಬುಧವಾರ ಬೆಳಿಗ್ಗೆ ಬಯಲಿನ ನಡುವೆ ಬಸ್ಸು ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತೇ ಹೋಯಿತು. ಹೊರತೆಗೆದರೆ ಫಿಲ್ಟರ್ ಸಾರಿನಲ್ಲಿ ಅದ್ದಿದ ಬ್ರೆಡ್ಡಿನಂತೆ ಉಬ್ಬಿ, ಹಬ್ಬದಲ್ಲಿ ಎರಚಿದ ಬಣ್ಣದ ಕಾಗದದ ಚೂರುಗಳನ್ನೂ ಉಪ್ಪುಧೂಳನ್ನೂ ಮೈತುಂಬ ಅಂಟಿಸಿಕೊಂಡಿತ್ತು. ಬಸ್ಸಿನಲ್ಲಿದ್ದ, ಹಬ್ಬದ ವಾದ್ಯತಂಡದಲ್ಲಿ ತೂಬಾ ಎಂಬ ದೊಡ್ಡ ಕಹಳೆ ಊದುವ ಕಾಸ್ಯಾನೊ ಅದನ್ನು ಮೂಸಿ ನೋಡಿ, "ಅಕ್ಕಾ, ಪಾಪ, ಇದಕ್ಕೆ ಕುಡಿದು ಅಭ್ಯಾಸ ಇಲ್ಲ ಕಣೇ! ಪಟ್ಟಣದ್ದು" ಎಂದ. ಅತ್ತೆ ಸೀಟಿನಡಿಯಿಂದ ಹತ್ತಿಯದನ್ನು ತೆಗೆದು ಕೂರಿಸಿದಳು, ಎಲ್ಲರೂ ಮನೆ ಸೇರಿದರು.

ಊರ ಬಾಗಿಲಲ್ಲೇ ಕಾದಿದ್ದ ತಾವು ಎರಡು ಅಪರಾಧ ಬರೆದಿರಿ: ಫಿಲ್ಟರನ್ನು ನೆನೆಸಿದ್ದು ಚಾಲಕಿಯ ನಿರ್ಲಕ್ಷ್ಯ, ಹತ್ತಿಯದನ್ನು ಹಾಕಿದ್ದು ಚಾಲಕಿಯ ಧಾರ್ಷ್ಟ್ಯ. ಹೊಸ ಕಾಗದ ಬರುವವರೆಗೆ ಬಸ್ಸು ಓಡಕೂಡದಂತೆ. ಹೊಸ ಕಾಗದ ಒರುರೊ ಪಟ್ಟಣದಿಂದ ಬರಬೇಕು; ಅಲ್ಲಿನ ಅಂಗಡಿಯವರು ಇನ್ನೂ ಕಾರ್ನಿವಲ್ಲಿನಲ್ಲಿ ಕುಣಿಯುತ್ತಿದ್ದಾರೆ. ಭಾನುವಾರದ ಸಂತೆಗೆ ಬಸ್ಸು ಹೊರಡದಿದ್ದರೆ ಸಂಘದ ನಿಯಮದಂತೆ ಆ ದಾರಿಯಲ್ಲಿ ಬಸ್ಸು ಓಡಿಸುವ ಅತ್ತೆಯ ಸರದಿ ಬೇರೆಯವರ ಪಾಲಾಗುತ್ತದೆ, ಮತ್ತೆ ಸಿಗುವುದಿಲ್ಲ. ಗಂಡಸರ ಸಾಲಿನಲ್ಲಿ ಆ ಸರದಿಗಾಗಿ ಅವಳು ಎಷ್ಟು ಬೈಗುಳ ನುಂಗಿದ್ದಾಳೆಂಬುದು ತಮಗೂ ಗೊತ್ತು, ಕೆಲವು ತಮ್ಮವೇ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ದಯಮಾಡಿ ಬಯಲಿನ ಧೂಳಿಗೆ ಶಿಸ್ತಿನ ಸುತ್ತೋಲೆ ಹೊರಡಿಸಿ. ಪಚಮಾಮಾ ಮುಂದಿನ ವರ್ಷದಿಂದ ಬರೀ ಒಣ ಪದಾರ್ಥವನ್ನಷ್ಟೇ ಸ್ವೀಕರಿಸುವಂತೆ ಆಕೆಗೂ ನೋಟಿಸು ಕೊಡಿ. ಇವೆರಡೂ ಆಗದಿದ್ದಲ್ಲಿ, ಹತ್ತಿಯ ಫಿಲ್ಟರಿಗೆ ಒಂದೇ ಒಂದು ಮೊಹರು ಒತ್ತಿ. ಮೊಹರು ಒತ್ತಿದ ಕೈ ಕೊಳೆಯಾದರೆ ಸೋಪು ನಾನೇ ತರುತ್ತೇನೆ.

ತೊಳೆದು ಎಷ್ಟು ಸಲವಾದರೂ ಬಳಸಬಹುದಾದ
ತಮ್ಮ ವಿಶ್ವಾಸಿ,
ನೈರಾ ಚೋಕೆ

ವಿ.ಸೂ.: ಪ್ರತಿ ಶುಕ್ರವಾರ ತಾವು ಅತ್ತೆಯ ಪಕ್ಕದ ಸೀಟಿನಲ್ಲಿ ಕೂತು ತೋಲಾಪಂಪಾದಲ್ಲಿರುವ ತಮ್ಮ ತಾಯಿಯ ಮನೆಗೆ ಊಟಕ್ಕೆ ಹೋಗುತ್ತೀರಿ. ನಾಳೆಯೂ ಸೀಟು ಖಾಲಿಯಿದೆ, ಅತ್ತೆ ಸ್ಟಿಯರಿಂಗ್ ಹಿಡಿದು ಕೂತಿರುತ್ತಾಳೆ, ಹತ್ತಿಯ ಫಿಲ್ಟರ್ ತನ್ನ ಜಾಗದಲ್ಲಿರುತ್ತದೆ. ಮೊಹರು ಒತ್ತಿ ಹತ್ತಬಹುದು. ಅದು ತಮ್ಮ ಘನತೆಗೆ ಕುಂದೆನಿಸಿದರೆ ನಡೆದೇ ಹೋಗಬಹುದು. ಆದರೆ ಗಾಳಿ ಎದುರಿಗೇ ಬೀಸುತ್ತದೆ, ಮೂಗಿಗೆ ಏನಾದರೂ ಕಟ್ಟಿಕೊಳ್ಳಿ. ಕಾಗದ ಬೇಡ, ಬಟ್ಟೆಯೇ ಇರಲಿ.