ನಾಲ್ಕು ಮಿಲಿಯ ಹಲಗೆ

ಎಲ್ಲ ಎಡವಟ್ಟಿಗೂ ಕಾರಣ "ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು" ಎಂಬ ಒಂದೇ ಮಾತು. ಹೇಳಿದವರು ಹಿಂದಿನ ಬೀದಿಯ ಹೊಸ ಕಚೇರಿಯ ಸಾಹೇಬರು. ಕೇಳಿಸಿಕೊಂಡವನು ಮಿಲಿಯಣ್ಣ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಹಿತ್ತಲ ಶೆಡ್ಡಿನಲ್ಲಿ ಪುಟ್ಟ ಸಾಮಿಲ್ಲು ಹಾಕಿಕೊಂಡ ಮೇಲೆ ಅವನು ಚಪಾತಿಯ ದಪ್ಪವನ್ನೂ ಮಿಲಿಮೀಟರಿನಲ್ಲೇ ಹೇಳತೊಡಗಿದ್ದರಿಂದ ಬೀದಿಯವರು ಆ ಹೆಸರನ್ನು ಮರೆತುಬಿಟ್ಟಿದ್ದರು.

"ನಾಲ್ಕು ಮಿಲಿ ದಪ್ಪದ ಹಲಗೆ. ಒಂದು ಕಟ್ಟು. ಸಾಯಂಕಾಲದೊಳಗೆ ಬೇಕು. ನಾಳೆ ಮೇಲಿನವರು ತಪಾಸಣೆಗೆ ಬರ್ತಿದಾರೆ," ಎಂದಿದ್ದರು ಸಾಹೇಬರು.

"ಯಾತಕ್ಕೆ ಸಾರ್?"

"ಅದು ಕಚೇರಿ ವಿಷಯ."

ಮಿಲಿಯಣ್ಣನ ಎದೆ ಉಬ್ಬಿತು. ಇಷ್ಟು ಗುಟ್ಟಾಗಿ ಇಡಬೇಕಾದರೆ ಅದು ಸಾಮಾನ್ಯ ಕೆಲಸವಲ್ಲ. ಗೋಡೆಗೆ ಚಿತ್ತಾರವೋ, ದೊಡ್ಡವರಿಗೆ ಕೊಡುವ ಪೆಟ್ಟಿಗೆಯೋ!

ಹೆಂಡತಿಗೆ ಮಾತ್ರ ಏನೂ ಉಬ್ಬಲಿಲ್ಲ. "ಇದೊಂದು ಆರ್ಡರ್ ನೆಟ್ಟಗೆ ಮಾಡಿಕೊಟ್ರೆ ನಿಮ್ಮ ಯಂತ್ರ ಇರ್ಲಿ. ಇಲ್ದಿದ್ರೆ ಶೆಡ್ಡು ನನ್ನ ತಂಗಿಯ ಹೊಲಿಗೆ ಕ್ಲಾಸಿಗೆ. ಅವಳು ಆಗ್ಲೇ ಕಿಟಕಿಗೆ ಪರದೆ ಹೊಲ್ಕೊಂಡು ಕೂತಿದಾಳೆ, ನೋಡಿ ರೀ."

ಮಿಲಿಯಣ್ಣ ದಿಮ್ಮಿಯನ್ನು ಹಾಸಿನ ಮೇಲೆ ಬಿಗಿದ. ಗರಗಸವನ್ನು ಸರಿಯಾಗಿ ನಾಲ್ಕು ಮಿಲಿ ಇಳಿಸಿದ. ಉಸಿರು ಬಿಗಿಹಿಡಿದು ಯಂತ್ರವನ್ನು ಹಳಿಯ ಮೇಲೆ ತಳ್ಳಿದ. ಹಲಗೆ ಬಂತು. ಎತ್ತಿ ಹಿಡಿದರೆ ಬಿಸಿಲು ಆಚೆಯಿಂದ ಈಚೆಗೆ ಕಾಣುತ್ತಿತ್ತು.

ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರ ತಲೆ ಮೂಡಿತು. "ಇಳಿಸಿದ್ದು ನಾಲ್ಕು. ಗರಗಸ ತಾನು ತಿಂದು ಹುಡಿ ಮಾಡಿದ್ದು ಯಾರ ಲೆಕ್ಕಕ್ಕೆ? ಅದನ್ನೂ ಕೂಡಿಸ್ಕೊಳ್ರೀ!"

ಮಾತು ನಿಜವಾಗಿತ್ತು. ಅದೇ ತಪ್ಪಾಯಿತು. ಒಂದು ಸಲ ನಿಜ ಹೇಳಿದ ಮೇಷ್ಟ್ರು ಇನ್ನು ಸುಮ್ಮನಿರುವುದುಂಟೆ? ಪಂಚೆ ಎತ್ತಿ ಕಟ್ಟಿ ಗೋಡೆ ಹಾರಿ ಶೆಡ್ಡಿಗೇ ಬಂದರು. ಅವರ ಹಿಂದೆಯೇ, ಮೊಬೈಲಿನಲ್ಲಿ ನೋಡದ ವಿದ್ಯೆಯೇ ಇಲ್ಲವೆಂದು ತಿಳಿದಿದ್ದ ಬಾವಮೈದ ಹಲ್ಲುಜ್ಜುತ್ತಾ ಬಂದ.

"ಭಾವ, ನೀವು ಹೆದರ್ಕೊಂಡು ತಳ್ತೀರ. ಜೋರಾಗಿ ತಳ್ಬೇಕು. ನಾನು ವೀಡಿಯೊ ನೋಡಿದೀನಿ," ಎಂದವನೇ ತಾನೇ ತಳ್ಳಿದ.

ಗರಗಸ ಮರದ ಗಂಟಿನ ಹತ್ತಿರ ಬಂದು, ಬೀದಿನಾಯಿ ಕಂಡ ಪೋಸ್ಟ್‌ಮ್ಯಾನ್‌ನಂತೆ ಮೇಲಕ್ಕೆ ನೆಗೆದು, ದಾಟಿದ ಮೇಲೆ ಕೆಳಗಿಳಿಯಿತು. ಹಲಗೆಗೆ ಡುಬ್ಬ ಬಂತು.

"ಬ್ಲೇಡು ಸಡಿಲ," ಎಂದರು ಮೇಷ್ಟ್ರು.

"ಬಿಗಿ ಜಾಸ್ತಿ," ಎಂದ ಬಾವಮೈದ.

ಇಬ್ಬರೂ ಒಂದೇ ಬೋಲ್ಟನ್ನು ಸರದಿಯ ಮೇಲೆ ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುಗಿಸಿದರು. ಮುಂದಿನ ಹಲಗೆ ಒಂದು ತುದಿಯಲ್ಲಿ ಬಾಗಿಲಿನಷ್ಟು ದಪ್ಪ, ಇನ್ನೊಂದು ತುದಿಯಲ್ಲಿ ಮದುವೆ ಕಾಗದದಷ್ಟು ತೆಳು. ಅದರ ನಂತರದ್ದು ದೋಣಿಯಂತೆ ಬಾಗಿತು. ಪ್ರತಿ ಹಲಗೆ ಕೆಟ್ಟಾಗಲೂ ಇಬ್ಬರ ಮುಖವೂ ಅರಳುತ್ತಿತ್ತು. ಕೆಟ್ಟದ್ದು ಇನ್ನೊಬ್ಬರ ಸಲಹೆಯಿಂದ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಆಮೇಲೆ ಕಿಡಿ ಹಾರಿತು. 'ಕಿರ್‍ರ್' ಎಂಬ ಸದ್ದಿಗೆ ಬೀದಿಯೇ ಕಿವಿ ಮುಚ್ಚಿಕೊಂಡಿತು. ದಿಮ್ಮಿಯೊಳಗೆ ಮೊಳೆ!

ಹೆಂಡತಿ ಓಡಿಬಂದಳು. "ಅಯ್ಯೋ, ಅದು ನಾನು ಬಟ್ಟೆ ಹಗ್ಗ ಕಟ್ಟೋಕೆ ಹೊಡ್ದಿದ್ದು. ಮೊಳೆ ಮುರೀತೇನ್ರೀ?"

ಗರಗಸದ ಹಲ್ಲು ಮುರಿದಿತ್ತು. ಅದನ್ನು ಯಾರೂ ಕೇಳಲಿಲ್ಲ.

ಮಿಲಿಯಣ್ಣನ ಸಹನೆಯೂ ಅಲ್ಲಿಗೆ ಮುರಿಯಿತು. ಕೆಟ್ಟ ಹಲಗೆಗಳನ್ನೆಲ್ಲ ಬಾಚಿ ಇಬ್ಬರ ತೋಳಿಗೂ ತುಂಬಿದ. "ಸೌದೆಗಾದ್ರೂ ಹಾಕ್ಕೊಳ್ಳಿ, ಎಲ್ಲಾದ್ರೂ ಬಿಸಾಕಿ. ನನ್ನ ಕಣ್ಣೆದುರಿಂದ ಮೊದಲು ಹೊರಡಿ!" ಎಂದು ಶೆಡ್ಡಿನ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದ.

ಒಳಗೆ ನಿಶ್ಶಬ್ದ. ಹೊಸ ಬ್ಲೇಡು ಹಾಕಿದ. ಬೆರಳಿನಿಂದ ಮೀಟಿ ಬಿಗಿ ನೋಡಿದ. ಬೇರೆ ದಿಮ್ಮಿ ಇಟ್ಟು, ಬ್ಲೇಡಿನ ಮೇಲೆ ನೀರು ತೊಟ್ಟಿಕ್ಕುವಂತೆ ಮಾಡಿ, ಮಗುವಿನ ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ತಳ್ಳಿದ. ಒಂದು ಮಗ್ಗುಲಿಂದ ಒಂದಿಷ್ಟು ಕೊಯ್ದು, ಮರ ಬಾಗದಂತೆ ಮಗುಚಿ ಇನ್ನೊಂದು ಮಗ್ಗುಲಿಂದ ಕೊಯ್ದ. ವರ್ನಿಯರ್ ಹಿಡಿದು ಅಳೆದ. ಈ ತುದಿ ನಾಲ್ಕು. ಆ ತುದಿ ನಾಲ್ಕು. ನಡುವೆ ನಾಲ್ಕು. ಮಿಲಿಯಣ್ಣನಿಗೆ ಕಣ್ಣಲ್ಲಿ ನೀರು ಬಂತು. ತೋರಿಸೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಸಾಯಂಕಾಲ ಹಲಗೆಗಳನ್ನು ಹೊಸ ಹುರಿಯಿಂದ ಕಟ್ಟಿ, ತಲೆ ಬಾಚಿಕೊಂಡು ಕಚೇರಿಗೆ ಹೋದ. ಒಳಗೆ ಕಾಲಿಟ್ಟವನು ಅಲ್ಲೇ ನಿಂತ.

ಮೇಷ್ಟ್ರೂ ಬಾವಮೈದನೂ ನೆಲದ ಮೇಲೆ ಮಂಡಿಯೂರಿ, ಮೇಜುಗಳ ಕಾಲಿನಡಿಗೆ ಏನೋ ತುರುಕುತ್ತಿದ್ದರು. ಅವನದೇ ಡುಬ್ಬದ ಹಲಗೆ, ಸೊಟ್ಟ ಹಲಗೆ, ದೋಣಿ ಹಲಗೆಗಳ ತುಂಡುಗಳು!

"ಬನ್ನಿ ಬನ್ನಿ," ಎಂದರು ಸಾಹೇಬರು. "ಕಾಂಟ್ರಾಕ್ಟರು ನೆಲ ಸೊಟ್ಟ ಹಾಕಿ ಹೋಗಿದಾನೆ. ಒಂದು ಮೇಜೂ ನೆಟ್ಟಗೆ ನಿಲ್ಲಲ್ಲ. ಇವರಿಬ್ರು ದೇವರ ಹಾಗೆ ಈ ಹಲಗೆ ಹೊತ್ಕೊಂಡು ಹೋಗ್ತಿದ್ರು. ನಾನೇ ಕೂಗಿ ಕರೆದೆ. ದಪ್ಪದ್ದು ಬೇಕಾ ದಪ್ಪ, ತೆಳ್ಳಗಿಂದು ಬೇಕಾ ತೆಳ್ಳಗೆ. ಎಲ್ಲ ಇದೆ!"

"ನೀವು ನಾಲ್ಕು ಮಿಲಿ ಅಂದಿದ್ರಲ್ಲ ಸಾರ್? ಕೂದಲೆಳೆ ಹೆಚ್ಚುಕಮ್ಮಿ ಆಗಬಾರದು ಅಂತ?"

"ಅದು ನನ್ನ ಮೇಜಿನ ಕಾಲಿನಡಿಯ ಸಂದು ಕಣ್ರೀ. ಬೇರೆಯವರ ಮೇಜು ಅಳೆಯೋಕೆ ನನಗೇನು ಹುಚ್ಚಾ?"

ಬಾವಮೈದ ಮೇಜಿನಡಿಯಿಂದ ತಲೆ ಹೊರಹಾಕಿದ. "ಭಾವ, ಈ ಆರ್ಡರ್ ನನಗೂ ಮೇಷ್ಟ್ರಿಗೂ ಸಿಕ್ತು ಅಂತ ಅಕ್ಕಂಗೆ ಫೋನ್ ಮಾಡ್ಬಿಟ್ಟೆ. ಹಾಗಾದ್ರೆ ಶೆಡ್ಡು ಖಾಲಿ ಅಂತ ಅಕ್ಕ ಹೊಲಿಗೆ ಕ್ಲಾಸಿನ ಪರದೆ ಕಟ್ಟೋಕೆ ಶುರು ಮಾಡಿದಾಳಂತೆ."

ಮಿಲಿಯಣ್ಣ ಕಟ್ಟನ್ನು ಎದೆಗವಚಿಕೊಂಡು ಹಿಂದಿರುಗಿದ.

"ನಿಲ್ರೀ," ಎಂದು ಸಾಹೇಬರು ಕೂಗಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮದೂ ಒಂದು ಉಪಯೋಗಕ್ಕೆ ಬರುತ್ತೆ."

ಮೂಲೆಯಲ್ಲಿ ಒಂದು ಹಳೆಯ ಮೇಜು, ಒಂದು ಕಾಲು ಅರ್ಧಕ್ಕೆ ಮುರಿದು, ಗೋಡೆಗೊರಗಿ ನಿಂತಿತ್ತು. ಸಾಹೇಬರು ಮಿಲಿಯಣ್ಣನ ಕೈಯಿಂದ ಕಟ್ಟನ್ನು ತೆಗೆದುಕೊಂಡು, ಹುರಿಯನ್ನೂ ಬಿಚ್ಚದೆ, ಇಟ್ಟಿಗೆಯಂತೆ ಇಡಿಯಾಗಿ ಆ ಮುರುಕು ಕಾಲಿನಡಿಗೆ ತಮ್ಮ ಪಾದದಿಂದಲೇ ತಳ್ಳಿದರು. ಮೇಲಿನಿಂದ ಒತ್ತಿ ನೋಡಿದರು. ಮೇಜು ಅಲುಗಲಿಲ್ಲ.

"ಅಬ್ಬಾ!" ಎಂದರು ಸಾಹೇಬರು ಬೆರಗಾಗಿ. "ಎಂಥಾ ಅಳತೆ ರೀ ನಿಮ್ಮದು!"